ವಿಸ್ಕಿ ಪೀಪಾಯಿಯ ಕಪ್ಪು ಬಿಯರು

ಬನಹಟ್ಟಿ
2 ಏಪ್ರಿಲ್ 2014

ಮುದ್ದಿನ ಮಗಳು ಅನುರಾಧಾಗೆ,

ನಾನೂ ನಿನ್ನ ಅವ್ವನೂ ಆರಾಮವಾಗಿದ್ದೇವೆ. ಧಾರವಾಡದ ಹಾಸ್ಟೆಲಿನಲ್ಲಿ ನೀನೂ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀ ಎಂದುಕೊಂಡಿದ್ದೇನೆ. ಹದಿನೈದು ದಿನಗಳಿಂದ ನೀನು ಫೋನ್ ಮಾಡಿದಾಗಲೆಲ್ಲ ಎರಡು ಮಾತಾಡಿ ಅವ್ವನ ಕೈಗೆ ಕೊಟ್ಟುಬಿಟ್ಟೆ. ಸಿಟ್ಟಾಗಬೇಡ. ನೌಕರಿ ಯಾಕೆ ಬಿಟ್ಟೆ ಎಂದು ಕೇಳಿದೆಯಲ್ಲ, ಅದಕ್ಕೆ ಉತ್ತರ ಬಾಯಲ್ಲಿ ಬರಲಿಲ್ಲ. ಬರೆಯುವುದೇ ವಾಸಿ ಅನಿಸಿತು.

ನಮ್ಮ ಕಾರ್ಖಾನೆಯ ಸಾಹುಕಾರರ ತಮ್ಮನ ಮಗ ಸಂಜು ಹೊರದೇಶದಲ್ಲಿ ಬಿಯರ್ ಮಾಡುವ ವಿದ್ಯೆ ಕಲಿತು ಬಂದಿದ್ದಾನೆ. ಸಕ್ಕರೆ ಮಾಡಿ ಉಳಿದ ಕಾಕಂಬಿಯಿಂದ ಸ್ಪಿರಿಟ್ ತೆಗೆಯುವ ನಮ್ಮ ಘಟಕದ ಪಕ್ಕದಲ್ಲೇ ಶೆಡ್ ಹಾಕಿಸಿಕೊಂಡ. ವಿಸ್ಕಿ ಇಟ್ಟು ಖಾಲಿಯಾದ ಓಕ್ ಮರದ ಪೀಪಾಯಿಗಳನ್ನು ಹಡಗಿನಲ್ಲಿ ತರಿಸಿದ. ಸ್ಟೌಟ್ ಎಂಬ ಕಪ್ಪು ಬಿಯರನ್ನು ಕಾಯಿಸಿ, ಅವುಗಳಲ್ಲಿ ಎಂಟು ತಿಂಗಳು ತುಂಬಿಟ್ಟ. ಹೋದ ತಿಂಗಳು ಒಂದು ಭಾನುವಾರ ಮಧ್ಯಾಹ್ನ ಅದನ್ನು ಮೊದಲ ಸಲ ತೆಗೆದರು. ಜಮಖಂಡಿ, ಮುಧೋಳದ ದೊಡ್ಡ ಮಂದಿಯೆಲ್ಲ ಅತಿಥಿಗೃಹದಲ್ಲಿ ಸೇರಿದ್ದರು.

ನನ್ನನ್ನು ಕರೆದದ್ದು ನಾಲಿಗೆಗಾಗಿ. ಇಪ್ಪತ್ತೆರಡು ವರ್ಷ ಪ್ರಯೋಗಾಲಯದಲ್ಲಿ ನಾನು ಮಾಡಿದ್ದೇ ಅದು: ಮೂಸುವುದು, ನಾಲಿಗೆಗೆ ತಾಗಿಸುವುದು, ಉಗುಳುವುದು. ಕುಡಿಯುವ ಚಟವಿಲ್ಲದ ನಾಲಿಗೆ ಸುಳ್ಳು ಹೇಳುವುದಿಲ್ಲ ಎಂದು ಸಾಹುಕಾರರ ನಂಬಿಕೆ.

ಗ್ಲಾಸಿಗೆ ಸುರಿದಾಗ ಅದು ಬೆಳಕು ಹಾಯದಷ್ಟು ಕಪ್ಪಾಗಿತ್ತು. ಮೇಲೆ ಚಹಾ ಬಣ್ಣದ ನೊರೆ. ಮೂಗಿಗೆ ಹಿಡಿದೆ. ಮೊದಲು ಸೀದ ಬೆಲ್ಲ, ಆಮೇಲೆ ಹುರಿದ ಕಾಫಿಬೀಜ, ಅದರ ಹಿಂದೆ ನೆಂದ ಮರ, ವಿಸ್ಕಿಯ ಹೊಗೆ. ಅಲ್ಲಿಯವರೆಗೆ ಹುಡುಗನ ಕೈಗುಣವನ್ನು ಮೆಚ್ಚಲೇಬೇಕು. ಒಂದು ಗುಟುಕು ಬಾಯಿಗೆ ಹಾಕಿಕೊಂಡೆ. ಸಿಹಿ ಬಂತು, ಕಹಿ ಬಂತು, ಎರಡೂ ಇಳಿದುಹೋದವು. ಆಮೇಲೆ ನಾಲಿಗೆಯ ಬುಡದಲ್ಲಿ ಒಂದು ಹೊಲಸು ಎದ್ದಿತು ನೋಡು. ಕೊಳೆತ ತತ್ತಿ, ಗಟಾರು, ಹುಳಿಯೊಡೆದ ಕಬ್ಬಿನ ಸಿಪ್ಪೆ, ಎಲ್ಲವನ್ನೂ ಕೂಡಿಸಿ ಕುದಿಸಿದಂತೆ. ಕರವಸ್ತ್ರದಲ್ಲಿ ಉಗುಳಿದೆ.

ಸುತ್ತಲಿದ್ದವರು ಒಬ್ಬರು ಚಾಕಲೇಟ್ ಎಂದರು, ಇನ್ನೊಬ್ಬರು ಅಂಜೂರ ಎಂದರು. ಒಬ್ಬರಂತೂ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು.

"ಕಾಶಪ್ಪ, ನಿನ್ನ ನಾಲಿಗಿ ಏನಂತೈತಿ?" ಎಂದರು ಸಾಹುಕಾರರು.

"ಸಾವ್ಕಾರ್ರ, ಇದರಾಗ ನಮ್ಮ ಹೊಂಡ ಐತ್ರಿ."

ಸ್ಪಿರಿಟ್ ತೆಗೆದ ಮೇಲೆ ಉಳಿಯುವ ಕಪ್ಪು ಹೊಲಸು ನೀರನ್ನು ಬಿಡುವ ಹೊಂಡ ಅದು. ಸಂಜು ನಕ್ಕ. "ಕಾಕಾ, ಅದು ಪೀಪಾಯಿ ವಾಸನಿ. ನಿಮಗ ರೂಢಿ ಇಲ್ಲ."

"ನೀರು ಎಲ್ಲೀದು ಹಾಕೀಯಪಾ?"

"ನಮ್ಮ ಬೋರಿಂದ. ಈ ಮಣ್ಣಿನ ರುಚಿ ಬರಲಿ ಅಂತ."

"ಬಂದೈತಿ," ಎಂದೆ.

ಸಾಹುಕಾರರು ಅಲ್ಲ ಎನ್ನಲಿಲ್ಲ, ಹೌದೇ ಎಂದು ಕೇಳಲೂ ಇಲ್ಲ. ಗ್ಲಾಸ್ ಕೆಳಗಿಟ್ಟು ನೆಟ್ಟಗೆ ನಲ್ಲಿಗೆ ಹೋಗಿ ಮೂರು ಸಲ ಬಾಯಿ ಮುಕ್ಕಳಿಸಿದರು. ತಿರುಗಿ ಬಂದು ಸಂಜುವಿಗೆ, "ನಾಳಿಂದ ಹಿಪ್ಪರಗಿಯಿಂದ ಹೊಳಿ ನೀರಿನ ಟ್ಯಾಂಕರ್ ತರಸು," ಎಂದರು. ನನಗೆ ಆಗ ಬಿಯರಿಗಿಂತ ಹೆಚ್ಚು ಅಸಹ್ಯವಾದದ್ದು ಅದು. ಅವರಿಗೆ ಎಲ್ಲ ಗೊತ್ತಿತ್ತು.

ಮರುದಿನ ಒಂಬತ್ತು ಗಂಟೆಗೇ ಟ್ಯಾಂಕರ್ ಬಂತು. ಹೊಂಡದ ಆಚೆ ಕುರುಬರ ವಸ್ತಿ ಇದೆ, ಹದಿನೆಂಟು ಮನೆ. ಅವರ ಬಾವಿಯ ನೀರು ನಾಲ್ಕು ವರ್ಷಗಳಿಂದ ಕಂದಾಗಿದೆ. ಎಷ್ಟು ಸಲ ಅರ್ಜಿ ಕೊಟ್ಟರೂ ನೀರು ಚೆನ್ನಾಗಿದೆ ಎಂಬ ಉತ್ತರವೇ ಕಾರ್ಖಾನೆಯಿಂದ ಹೋಗುತ್ತಿತ್ತು. ಟ್ಯಾಂಕರ್ ನೋಡಿ ಹೆಣ್ಣುಮಕ್ಕಳು ಕೊಡ ಹೊತ್ತು ಗೇಟಿಗೆ ಬಂದರು. ಕಾವಲುಗಾರ ಬಡಿಗೆ ಅಡ್ಡ ಹಿಡಿದು, "ಹೋಗ್ರಬೇ, ಇದು ಬಿಯರಿಗೆ ಬಂದ ನೀರು," ಎಂದ. ಅವನ ಹಿಂದೆಯೇ ಇಬ್ಬರು ಆಳುಗಳು ಅದೇ ನೀರಿನಿಂದ ಪೀಪಾಯಿಗಳನ್ನು ತೊಳೆದು ತೊಳೆದು ಗಟಾರಿಗೆ ಚೆಲ್ಲುತ್ತಿದ್ದರು.

ನಾನು ಶೆಡ್ಡಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ. ಆಮೇಲೆ ಬಾವಿಯಿಂದ ಒಂದು, ಬೋರಿನಿಂದ ಒಂದು ಸೀಸೆ ನೀರು ತುಂಬಿಕೊಂಡು ಬಾಗಲಕೋಟೆಗೆ ಹೋದೆ. ಮಾಲಿನ್ಯ ನಿಯಂತ್ರಣ ಬೋರ್ಡಿನ ಜಿಲ್ಲಾ ಕಚೇರಿಯಲ್ಲಿ ನನ್ನ ಹೆಸರು, ಹುದ್ದೆ ಬರೆದು, ಸಹಿ ಮಾಡಿ ದೂರು ಕೊಟ್ಟೆ.

ಮೂರನೆಯ ದಿನ ಸಾಹುಕಾರರು ಕರೆಸಿದರು. "ಇಪ್ಪತ್ತೆರಡು ವರ್ಷ ಯಾರ ಅನ್ನ ಉಂಡಿಲೇ ನೀ?" ಎಂದರು. ನಾನು ಪ್ರಯೋಗಾಲಯದ ಕೀಲಿಕೈಯನ್ನು ಅವರ ಮೇಜಿನ ಮೇಲಿಟ್ಟು ಬಂದೆ.

ಮನೆಗೆ ಬಂದು ಹೇಳಿದರೆ ನಿನ್ನ ಅವ್ವ ಅಳಲಿಲ್ಲ. "ಛಲೋ ಆತು ಬಿಡ್ರಿ. ನಿಮ್ಮ ಅಂಗಿ ಒಗದು ಒಗದು ನನಗೂ ಆ ನಾತ ಸಾಕಾಗಿತ್ತು," ಎಂದಳು. ಈಗ ನಿನ್ನ ಸೋದರಮಾವನ ಪವರ್‌ಲೂಮಿನಲ್ಲಿ ಹರಿದ ಎಳೆಗಳಿಗೆ ಗಂಟು ಹಾಕುತ್ತೇನೆ. ಕೈಗೆ ಮರೆತ ವಿದ್ಯೆ ನಿಧಾನಕ್ಕೆ ಬರುತ್ತಿದೆ. ಕಚೇರಿಯವರು ಬಂದು ಬಾವಿ ನೋಡಿಹೋದರು. ಬೋರ್ಡಿನ ವರದಿ ಇನ್ನೂ ಬಂದಿಲ್ಲ. ವಸ್ತಿಗೆ ಮಾತ್ರ ದಿನ ಬಿಟ್ಟು ದಿನ ಒಂದು ಟ್ಯಾಂಕರ್ ಹೋಗುತ್ತಿದೆ. ಹೊಂಡ ಇದ್ದಲ್ಲೇ ಇದೆ.

ನೀನು ಚೆನ್ನಾಗಿ ಓದು. ಪರೀಕ್ಷೆ ಮುಗಿದ ಕೂಡಲೇ ಬಾ, ಅವ್ವ ದಾರಿ ನೋಡುತ್ತಿದ್ದಾಳೆ. ನಿನ್ನ ಬುದ್ಧಿಯೂ ನಾಲಿಗೆಯೂ ಯಾವತ್ತೂ ಒಂದೇ ಮಾತು ಆಡಲಿ, ಅದೇ ನನ್ನ ಹರಕೆ.

ನಿನ್ನ ಅಪ್ಪ,
ಕಾಶಪ್ಪ

ತಾ.ಕ.: ಅವ್ವನಿಂದ ಅಷ್ಟಿಷ್ಟು ತಿಳಿದು ಫೋನಿನಲ್ಲಿ ನೀನು, "ಅಪ್ಪಾ, ಗೆಳತ್ಯಾರ ಮುಂದೆಲ್ಲಾ ನಿನ್ನ ಸುದ್ದಿ ಹೇಳೇನಿ, ನನಗ ಭಾಳ ಹೆಮ್ಮಿ ಆಗೇತಿ," ಎಂದೆ. ಆಗಲೇ ನಾನು ಫೋನನ್ನು ಅವ್ವನಿಗೆ ಕೊಟ್ಟದ್ದು. ಅವಳಿಗೂ ಹೇಳದ್ದನ್ನು ನಿನಗೆ ಹೇಳುತ್ತೇನೆ. ವಸ್ತಿಯವರಿಗೆ ಹೋಗುತ್ತಿದ್ದ ಆ ಉತ್ತರಗಳ ಕೆಳಗಿನ ಸಹಿ ನನ್ನದು. ಬಾವಿ ಕೆಟ್ಟ ಮೊದಲ ವರ್ಷ ಸತ್ಯವ್ವ ಎಂಬ ಮುದುಕಿ ಒಂದು ತಂಬಿಗೆ ನೀರು ಹಿಡಿದು ಪ್ರಯೋಗಾಲಯಕ್ಕೆ ಬಂದಿದ್ದಳು. "ಕಾಗದ ನಮಗ ಓದಾಕ ಬರಂಗಿಲ್ರಿ. ನೀವು ಒಂದು ಗುಟುಕು ಕುಡದು ಹೇಳ್ರಿ, ನಂಬತೇನಿ," ಎಂದಳು. ಮೂಗಿನ ಹತ್ತಿರ ತಂದ ಕೂಡಲೇ ನನಗೆ ತಿಳಿದಿತ್ತು. ಇವತ್ತು ಉಪವಾಸ ಎಂದೆ. "ನೀರು ಛಲೋ ಐತಿ ಬೇ, ಕುಡೀರಿ," ಎಂದೆ. "ನೀವು ಅಂದ ಮ್ಯಾಲ ಮುಗೀತ್ರಿ," ಎಂದು ಅವಳು ನಕ್ಕು, ನನ್ನೆದುರಿಗೇ ತಂಬಿಗೆ ಎತ್ತಿ, ಪೂರಾ ಕುಡಿದು ಹೋದಳು.