ಅಕ್ಕನ ಹೆಸರು ತೆಗೆಸಿದ ವರ್ಷ

ಗದಗ, ೨೧೪೬ನೆಯ ಇಸವಿ, ಹದಿಮೂರನೆಯ ತಿಂಗಳ ಎರಡನೆಯ ದಿನ.

ನನ್ನ ಮುತ್ತಜ್ಜಿಯ ಅವ್ವನಾದ ಶೈಲಜ್ಜಿಯವರಿಗೆ ದಾನಮ್ಮನ ಶರಣು.

ನೂರಿಪ್ಪತ್ತು ವರ್ಷ ಹಿಂದಕ್ಕೆ ಕಳಿಸುತ್ತಿರುವ ಈ ಓಲೆ ಓದುವಾಗ ನೀವಿನ್ನೂ ಮೂವತ್ತರ ಆಸುಪಾಸಿನವರು. ಅಜ್ಜಿ ಎಂದದ್ದಕ್ಕೆ ಕ್ಷಮಿಸಿ. ನಮ್ಮ ಕೆಲವು ಮಾತುಗಳೂ ನಿಮಗೆ ವಿಚಿತ್ರ ಎನಿಸಬಹುದು, ಅದಕ್ಕೂ ಕ್ಷಮೆಯಿರಲಿ. ಹದಿಮೂರನೆಯ ತಿಂಗಳಲ್ಲಿ ಇರುವುದು ಐದೇ ದಿನ. ಆರೋಗ್ಯ ವಿಮೆ ನವೀಕರಿಸಲೆಂದೇ ವರ್ಷದ ತುದಿಗೆ ಅದನ್ನು ಸೇರಿಸಿದ್ದಾರೆ. ಆಗ ಶಾಲೆಗೆ ರಜೆ, ಆದರೆ ಯಾವ ಮನೆಯಲ್ಲೂ ಸಿಹಿ ಅಡುಗೆ ಮಾಡುವುದಿಲ್ಲ. ಇಡೀ ಮನೆಗೆ ಸೇರಿ ಒಂದೇ ವಿಮೆ, ಅದನ್ನು ‘ಮನೆಗಾಪು’ ಎನ್ನುತ್ತೇವೆ. ಒಬ್ಬರಿಗೆ ದೊಡ್ಡ ಕಾಯಿಲೆ ಬಂದರೂ ಇಡೀ ಮನೆಯ ಕಂತು ಏರುತ್ತದೆ. ಕಟ್ಟಲಾಗದವರು ಆ ಒಬ್ಬರು ತಮ್ಮ ಸಂಬಂಧಿಕರೇ ಅಲ್ಲ ಎಂದು ಬರೆದುಕೊಟ್ಟು ಅವರ ಹೆಸರನ್ನು ವಿಮೆಯಿಂದ ತೆಗೆಸಬಹುದು. ಅದಕ್ಕೆ ‘ಬೇರ್ಪಡೆ’ ಎಂದು ಹೆಸರು.

ನನ್ನ ಅಕ್ಕ ನೀಲಗಂಗಾ ಮದುವೆಯಾಗಲಿಲ್ಲ. ಅವ್ವ ತೀರಿಕೊಂಡಾಗ ನನಗೆ ಒಂಬತ್ತು ವರ್ಷ, ಅವಳಿಗೆ ಹತ್ತೊಂಬತ್ತು. ನನ್ನ ತಲೆ ಬಾಚಿ, ಬುತ್ತಿ ಕಟ್ಟಿ ಬೆಳೆಸಿದವಳು ಅವಳೇ. ನನ್ನ ಮದುವೆಯ ನಂತರವೂ ನಮ್ಮೊಡನೆಯೇ ಇದ್ದಳು. ಮೂರು ವರ್ಷದ ಹಿಂದೆ ಅವಳ ಕಿಡ್ನಿಗಳು ಕೈಕೊಟ್ಟವು. ಅದೇ ವರ್ಷ, ಆಗ ಏಳು ತುಂಬಿದ್ದ ನನ್ನ ಮಗಳು ಮಲ್ಲಿಕಾಳ ಹೃದಯದಲ್ಲಿ ರಂಧ್ರವಿರುವುದು ಗೊತ್ತಾಯಿತು. ಆ ಸಲದ ಕಂತು ನನ್ನ ಮತ್ತು ನನ್ನ ಗಂಡ ಫಕೀರೇಶನ ಸಂಬಳ ಕೂಡಿಸಿದರೂ ಕಟ್ಟುವಂತಿರಲಿಲ್ಲ. ನಾವಿಬ್ಬರೂ ಆ ಮಾತು ಎತ್ತದೆ ಎರಡು ದಿನ ಕಳೆದೆವು. ಬೇರ್ಪಡೆಯ ಕಾಗದ ತಂದವಳು ಅಕ್ಕನೇ.

“ಸಹಿ ಮಾಡು ದಾನಿ. ಮೊದ್ಲ ಕೂಸಿನ ಆಪರೇಷನ್ ಆಗ್ಲಿ.”

“ನಿನ್ನ ಹೆಂಗ ಬಿಡ್ಲಿ ಯಕ್ಕಾ?”

“ಬಿಡಂತ ಯಾರ್ ಅಂದ್ರು? ಕಾಗದದಾಗಷ್ಟ ಬಿಡು.”

ಸಹಿ ಮಾಡಿದೆ. ನಿಯಮದಂತೆ ಅವಳು ಬೇರೆ ವಿಳಾಸದಲ್ಲಿರಬೇಕು, ಹಾಗಾಗಿ ಪಕ್ಕದ ಒಂಟಿ ಕೋಣೆ ಹಿಡಿದಳು. ಅಂಥ ರೋಗಿಗೆ ಒಬ್ಬಂಟಿಯಾಗಿ ವಿಮೆ ಕೊಡುವವರು ಯಾರೂ ಇರಲಿಲ್ಲ. ಡಯಾಲಿಸಿಸ್ ವಾರಕ್ಕೆ ಮೂರು ಸಲ ಬೇಕಿತ್ತು, ಧರ್ಮಾಸ್ಪತ್ರೆಯಲ್ಲಿ ಅವಳ ಸರದಿ ವಾರಕ್ಕೊಮ್ಮೆ ಬರುತ್ತಿತ್ತು. ವಿಮೆಯ ತಪಾಸಣೆಯವರ ಕಣ್ಣಿಗೆ ಬೀಳದಂತೆ ಹಿತ್ತಲ ಬಾಗಿಲಿನಿಂದ ರೊಟ್ಟಿ ಕೊಟ್ಟು ಬರುತ್ತಿದ್ದೆ. ಅವಳ ಮುಖ, ಕಾಲು ಬಾತುಕೊಳ್ಳುತ್ತ ಹೋದವು.

ಒಂದು ಬೆಳಿಗ್ಗೆ ಅವಳಿಗೆ ಉಸಿರು ಸಿಗಲಿಲ್ಲ. ಆಸ್ಪತ್ರೆಗೆ ಕರೆದೊಯ್ದೆ. ನರ್ಸ್ ನನ್ನನ್ನು ಕೇಳಿದಳು: “ಇವರಿಗೆ ನೀವು ಏನಾಗಬೇಕ್ರೀ?”

ತಂಗಿ ಎಂದರೆ ಬೇರ್ಪಡೆ ಸುಳ್ಳೆಂದು ಮನೆಗಾಪು ಅಲ್ಲಿಗೇ ರದ್ದಾಗುತ್ತಿತ್ತು. ಮಲ್ಲಿಕಾಳ ಆಪರೇಷನ್ನಿಗೆ ಆರೇ ದಿನವಿತ್ತು. ಮಂಚದ ಮೇಲಿಂದ ಅಕ್ಕನೇ ಅಂದಳು, “ಬಾಜೂ ಮನಿಯಾಕಿರೀ. ಭಾಳ ಒಳ್ಳೇಕಿ.”

ಸಂಬಂಧಿಕರಲ್ಲದವರು ಒಳಗೆ ನಿಲ್ಲುವಂತಿಲ್ಲ. ನಾನು ಹೊರಗೆ ಬಂದೆ. ಮರುದಿನ ಮಧ್ಯಾಹ್ನ ಅಕ್ಕ ತೀರಿಕೊಂಡಳು. ವಾರಸುದಾರರಿಲ್ಲದವಳೆಂದು ಅವಳನ್ನು ಆಸ್ಪತ್ರೆಯವರೇ ಮಣ್ಣು ಮಾಡಿದರು. ಯಾವ ಜಾಗ ಎಂದು ಕೇಳಿದೆ, ಬಾಜೂ ಮನೆಯವರಿಗೆ ಹೇಳುವಂತಿಲ್ಲ ಎಂದರು.

ಮಲ್ಲಿಕಾ ಉಳಿದಳು. ಈಗ ಓಡುತ್ತಾಳೆ, ಹಗ್ಗದಾಟ ಆಡುತ್ತಾಳೆ. ದೊಡ್ಡವ್ವ ಆಸ್ಪತ್ರೆಯಲ್ಲಿ ತೀರಿಕೊಂಡಳೆಂದಷ್ಟೇ ಅವಳಿಗೆ ಗೊತ್ತಿತ್ತು. ನಿನ್ನೆ ಎಲ್ಲವನ್ನೂ ಹೇಳಿದೆ. ಅವಳು ಕೇಳಿದ್ದು ಇಷ್ಟೇ: “ನಂದೂ ಹೆಸರು ತೆಗೀತೀಯೇನವ್ವಾ?”

ಇಲ್ಲ ಎಂದೆ. ನಂಬಿದಳೋ ಇಲ್ಲವೋ ಗೊತ್ತಿಲ್ಲ.

ಶೈಲಜ್ಜಿ, ಇದು ಒಂದೇ ದಿನ ಬಂದದ್ದಲ್ಲ ಎನ್ನುತ್ತಾರೆ. ಕಂತು ವರ್ಷ ವರ್ಷ ಏರಿತು, ಯಾವುದೋ ಮನೆ ಒಬ್ಬ ಮುದುಕನನ್ನು ಬಿಟ್ಟಿತು, ಇನ್ನೊಂದು ಮನೆ ಒಬ್ಬ ರೋಗಿಯನ್ನು. ಉಳಿದವರು ತಮ್ಮ ಮನೆಯದಲ್ಲವೆಂದು ಸುಮ್ಮನಿದ್ದರು. ನಿಮ್ಮ ಓಣಿಯಲ್ಲಿ ಮೊದಲ ಹೆಸರು ಬಿಟ್ಟುಹೋದ ದಿನವೇ, ಅದು ಯಾರದೇ ಇರಲಿ, ಎಲ್ಲರೂ ಒಟ್ಟಾಗಿ ಹೋಗಿ ಯಾಕೆ ಎಂದು ಕೇಳಿ. ನಾವು ಕೇಳಲಿಲ್ಲ. ಎಲ್ಲಿ ಸಹಿ ಮಾಡಬೇಕು ಎಂದಷ್ಟೇ ಕೇಳಿದೆವು.

ಇಂತಿ,
ದಾನಮ್ಮ