ಎದುರಿಗೆ ಬಂದ ದೀಪ

ನಂದಿದುರ್ಗ ಲೈನು,
ಕೋಲಾರ ಚಿನ್ನದ ಗಣಿ.
21-8-1966, ಭಾನುವಾರ

ಪ್ರೀತಿಯ ತಂಗಿ ಅಮ್ಮಾಜಿಗೆ,

ನಿನ್ನ ಅಕ್ಕ ಮುನಿರತ್ನ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ, ಆದರೆ ಕಣ್ಣಿನ ಡಾಕ್ಟರಿಗೆ ಹಾಗೆ ಬರೆದು ತಪ್ಪಿಸಿಕೊಳ್ಳುವುದು ಹೇಗೆ? ನಿನ್ನ ಕಾಗದ ಬುಧವಾರವೇ ಬಂತು. ಉತ್ತರ ತಡವಾಯಿತು, ಬೈಯಬೇಡ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಒಂದು ಸಾಲು ಬರೆದರೆ ತಪ್ಪಾಯಿತೇನೋ ಎಂದು ಮತ್ತೆ ಓದುತ್ತೇನೆ, ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕುತ್ತದೆ.

ನಿಮ್ಮ ಆಸ್ಪತ್ರೆಯಲ್ಲಿ ಕಣ್ಣು ತೋರಿಸಿಕೊಂಡು ಮದ್ರಾಸಿನಿಂದ ಬರುವಾಗ ಬಂಗಾರಪೇಟೆಯಲ್ಲಿ ಗಾಡಿ ಬದಲಾಯಿಸಿದೆವಲ್ಲ, ಅಲ್ಲಿ ನಿನ್ನ ಬಾವ ಮೆಟ್ಟಿಲು ತಪ್ಪಿದರು. ಬೀಳಲಿಲ್ಲ, ಗಾಬರಿಯಾಗಬೇಡ. "ಎಡಗಣ್ಣಲ್ಲಿ ಮೂಗಿನ ಕಡೆಯಿಂದ ಯಾರೋ ಕಂಬಳಿ ಎಳೀತಾ ಇದ್ದಂಗದೆ ಕಣೆ" ಅಂದರು. ಕಣ್ಣೊಳಗಿನ ಪರದೆ ಕಿತ್ತುಕೊಳ್ಳುತ್ತಿದೆ, ಆ ಕಂಬಳಿ ನಡುವಿಗೆ ಬಂದುಬಿಟ್ಟರೆ ಆಮೇಲೆ ಆಪರೇಷನ್ ಮಾಡಿದರೂ ಮೊದಲಿನ ನೋಟ ಬರುವುದಿಲ್ಲ ಎಂದು ನೀನು ಹೇಳಿದ್ದು ನನ್ನ ಕಿವಿಯಲ್ಲೇ ಇದೆ. ಶುಕ್ರವಾರಕ್ಕೆ ಆಸ್ಪತ್ರೆಯಲ್ಲಿ ಮಂಚ ಹಿಡಿದಿಟ್ಟಿದ್ದೀಯೆ. ಇವರು ಬರುವುದಿಲ್ಲ ಅನ್ನುತ್ತಾರೆ.

ಕೇಳಿದರೆ ಒಂದೊಂದು ಸಲ ಒಂದೊಂದು ಕಾರಣ. ರಜೆ ಸಿಗದು. ಆಪರೇಷನ್ ಆದ ಮೇಲೆ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ತಲೆಯ ಎರಡು ಕಡೆ ಮರಳಿನ ಚೀಲ ಇಟ್ಟುಕೊಂಡು ಅಷ್ಟು ದಿನ ಅಲುಗಾಡದೆ ಮಲಗಲಾಗದು. "ಗಣಿಯೊಳಗೆ ಕತ್ತಲಿಲ್ವಾ?" ಎಂದೆ. "ಅಲ್ಲಿ ತಲೆ ಮ್ಯಾಗೆ ದೀಪ ಇರ್ತದೆ" ಅಂದರು. ಪಕ್ಕದ ಮನೆಯ ಆರುಮುಗಂ ಬಂದು, "ಏನ್ ಡಾ ಕೋದಂಡಾ, ಮರಳು ಮೂಟೆ ಸಾಕಾಗಲ್ಲ ಅಂದ್ರೆ ನಾನೇ ಬಂದು ನಿನ್ನ ತಲೆ ಇಡ್ಕೊಂಡು ಕೂತ್ಕೋತೀನಿ" ಎಂದು ನಗಿಸಿದ. ನಕ್ಕರು, ಒಪ್ಪಲಿಲ್ಲ.

ಆ ಶನಿವಾರ ಆಸ್ಪತ್ರೆಯಲ್ಲಿ ಇವರನ್ನು ಕೂರಿಸಿಕೊಂಡು ನಡೆದ ನಿಮ್ಮ ಪಾಠ ಇನ್ನೂ ನನ್ನ ಕಣ್ಣ ಮುಂದೆಯೇ ಇದೆ. ಹಣೆಗೆ ದೀಪ ಕಟ್ಟಿಕೊಂಡು, ಕೈಯಲ್ಲಿ ಗಾಜು ಹಿಡಿದು ಕಲಿಯುವ ಡಾಕ್ಟರುಗಳು ಒಬ್ಬರಾದ ಮೇಲೆ ಒಬ್ಬರು ಬಗ್ಗುವುದು, ಇವರು ಮುಖ ಪಕ್ಕಕ್ಕೆ ತಿರುಗಿಸುವುದು. ಪ್ರೊಫೆಸರು ಗದರಿದರು. ಹುಡುಗರು ನಕ್ಕರು. ನಿನ್ನ ಮುಖ ಕೆಂಪಾಯಿತು. ಅದು ಮೊಂಡುತನವಲ್ಲ, ಅಮ್ಮಾಜಿ. ಸುರಂಗದಲ್ಲಿ ಇಬ್ಬರು ಎದುರಾದರೆ ಒಬ್ಬರ ದೀಪ ಇನ್ನೊಬ್ಬರ ಕಣ್ಣಿಗೆ ಹೊಡೆಯದ ಹಾಗೆ ತಲೆ ತಿರುಗಿಸುತ್ತಾರೆ. ತಿರುಗಿಸದಿದ್ದರೆ ಬೈದ ಹಾಗೆ. ಇವರ ಹಣೆಯಲ್ಲಿ ಅಂದು ದೀಪವಿರಲಿಲ್ಲ, ಆದರೂ ಕತ್ತು ತಾನಾಗಿ ತಿರುಗಿತು. "ಅಷ್ಟು ದೊಡ್ಡ ಡಾಕ್ಟ್ರುಗಳು ಎದುರಿಗೆ ಬಂದ್ರೆ ನಾ ಎಂಗೆ ನೆಟ್ಟಗೆ ನಿಂತ್ಕಳ್ಳಲಿ?" ಅಂದರು ಆಮೇಲೆ. ಗಣಿಯವರ ಲೈನು ಮನೆಯಲ್ಲೇ ಬೆಳೆದವಳು ನೀನು, ಇದನ್ನು ಅವರಿಗೆಲ್ಲ ಹೇಳುತ್ತೀಯೆಂದು ಕಾದೆ.

ಕೊನೆಗೆ ನೀನೇ ಇವರನ್ನು ಮಂಚದ ಮೇಲೆ ಮಲಗಿಸಿ, ತಲೆಯ ಹಿಂದಿನಿಂದ ಬಂದು ನೋಡಿದೆ. ಆಗ ಕತ್ತು ತಿರುಗಲಿಲ್ಲ. ನೀನು ಬರೆದ ಕಣ್ಣಿನ ಚಿತ್ರವನ್ನೂ ಕಂಡೆ. ಅಂಟಿಕೊಂಡಿರುವ ಪರದೆಗೆ ಕೆಂಪು ಪೆನ್ಸಿಲು, ಕಿತ್ತುಕೊಂಡದ್ದಕ್ಕೆ ನೀಲಿ ಅಂತೆ. ನೀಲಿಯೇ ಹೆಚ್ಚಿತ್ತು. ಪ್ರೊಫೆಸರು 'ಗುಡ್' ಅಂದರು. ಇವರದರಂತೆ ಪೆಟ್ಟು ಬಿದ್ದ ಕಣ್ಣುಗಳ ಮೇಲೆ ನೀನು ಬರೆಯುತ್ತಿರುವ ಪ್ರಬಂಧಕ್ಕೂ ಆ ಚಿತ್ರ ಸೇರುತ್ತದೆಂದು ಹೇಳಿದೆ. ಸಂತೋಷಪಡಲೋ ಅಳಲೋ ತಿಳಿಯದೆ ಸೆರಗು ಹಿಂಡುತ್ತಾ ನಿಂತಿದ್ದೆ.

ನೀನು ಮಾತ್ರ ಆ ದೀಪವನ್ನು ಅಷ್ಟು ಬಿಗಿಯಾಗಿ ಕಟ್ಟಬೇಡ. ಹಣೆಯಲ್ಲಿ ಗೆರೆ ಬಿದ್ದಿದೆ. ಗಣಿಯ ದೀಪದ ಟೋಪಿ ಹಾಕಿ ಹಾಕಿ ನಿನ್ನ ಬಾವನ ಹಣೆಯಲ್ಲಿ ಬಿದ್ದಿರುವ ಹಾಗೆಯೇ. ತಲೆನೋವು ಬರುತ್ತದೆಯೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ಎಲ್ಲ ಬರೆ. ಬರೆಯದಿದ್ದರೆ ನಾನು ಇನ್ನೇನೇನೋ ಅಂದುಕೊಳ್ಳುತ್ತೇನೆ.

ನಿನ್ನ ಕೈಗೆ ಒಳ್ಳೆಯ ಹೆಸರು ಬರಲಿ, ನೀನು ಮುಟ್ಟಿದ ಕಣ್ಣಿಗೆಲ್ಲ ಬೆಳಕು ಬರಲಿ.

ಇಂತಿ ನಿನ್ನ ಅಕ್ಕ,
ಮುನಿರತ್ನ

ಮರೆತಿದ್ದೆ, ಅಲ್ಲ, ಮರೆತಿರಲಿಲ್ಲ. ಮೇಲಿನದೆಲ್ಲ ಇವರು ಬಾಯಿಬಿಟ್ಟು ಹೇಳಿದ ಕಾರಣ. "ನಿಮ್ಮ ಸಂಬಂಧಿಕರಾ?" ಎಂದು ಪ್ರೊಫೆಸರು ಕೇಳಿದಾಗ ನೀನು "ನೋ ಸರ್, ನಮ್ಮೂರ ಕಡೆ ಲೇಬರರ್" ಅಂದೆ. ಇಂಗ್ಲಿಷಿನಲ್ಲೇ ಅಂದೆ. ದೊರೆಗಳ ಕೈಕೆಳಗೆ ದುಡಿದವರಿಗೆ ಅಷ್ಟು ಇಂಗ್ಲಿಷ್ ಬರುತ್ತದೆ. ನಮಗಿದ್ದದ್ದು ಒಂದೇ ಕೋಣೆ. ರಾತ್ರಿ ಪಾಳಿ ಮುಗಿಸಿ ಬಂದು, ನೀನು ಒಳಗೆ ಓದಲಿ ಎಂದು ಮುಖದ ಮೇಲೆ ಟವಲು ಹಾಕಿಕೊಂಡು ಬೀದಿಯ ಬಿಸಿಲಲ್ಲಿ ಮಲಗುತ್ತಿದ್ದವರು ಅವರು.

ರೈಲಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ, "ಅವ್ಳಿಗೆ ಏನೂ ಬರೀಬ್ಯಾಡ ರತ್ನಾ. ನಾಲ್ಕು ಜನದ ಮಧ್ಯೆ ಓದೋ ಮಗ. ನಾ ತಿರಗಾ ಅಲ್ಲಿ ಮಲಗಿದ್ರೆ ದಿನಾ ಅದೇ ಸುಳ್ಳು ಯೋಳಬೇಕಾಯ್ತದೆ, ಪಾಪ" ಅಂದರು. ಅದಕ್ಕೇ ಬರುವುದಿಲ್ಲ ಅನ್ನುತ್ತಿರುವುದು.

ಗುರುವಾರದೊಳಗೆ ಬಂದು ಮುಟ್ಟುವ ಹಾಗೆ ಒಂದು ಕಾಗದ ಹಾಕು. ನನಗಲ್ಲ, ಅವರ ಹೆಸರಿಗೆ. 'ಬಾವಾ' ಎಂದು ಶುರುಮಾಡು. ಅವರು ನಿನಗೇನಾಗಬೇಕೆಂದು ಪ್ರೊಫೆಸರಿಗೆ ಈಗ ಏನು ಹೇಳಿದೆ ಎಂಬುದನ್ನೂ ಬರೆ. ಅವರ ಪಂಚೆ, ಚೊಂಬು, ಟವಲು ಗಂಟು ಕಟ್ಟಿ ಬಾಗಿಲ ಹಿಂದೆ ಇಟ್ಟಿದ್ದೇನೆ. ಅವರು ಅದನ್ನು ನೋಡಿದ್ದಾರೆ. ಬಿಚ್ಚು ಅಂದಿಲ್ಲ.