ಸೊಸೆಯ ಒಪ್ಪೊತ್ತಿನ ಊಟ

ಹಗರಿಬೊಮ್ಮನಹಳ್ಳಿ
14-11-2024, ಗುರುವಾರ

ಪ್ರೀತಿಯ ಸುಮಲತಾ,

ನಿನ್ನ ಅತ್ತೆ ಕಲ್ಯಾಣಮ್ಮನ ಆಶೀರ್ವಾದ. ಕೂಸಿನ ನೆಗಡಿ ಹೋಯಿತೇ? ನೀನು ಹೇಗಿದ್ದೀ? ಬೀಗತಿ ಶಿವಮ್ಮನವರ ಸೊಂಟನೋವು ಈಗ ವಾಸಿಯೇ? ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ನಿಜ ಹೇಳಬೇಕೆಂದರೆ ಎಂಟು ದಿನದಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಫೋನು ಮಾಡಿದಾಗಲೆಲ್ಲ ನಿಮ್ಮ ಅಮ್ಮ ಎತ್ತಿ "ಮಕ್ಕೊಂಡಾಳ್ರಿ" ಎನ್ನುತ್ತಾರೆ. ಬೆಳಿಗ್ಗೆಯೂ ಮಲಗಿರುತ್ತೀ, ಸಂಜೆಯೂ ಮಲಗಿರುತ್ತೀ. ನಾಲ್ಕು ತಿಂಗಳ ಕೂಸಿನ ತಾಯಿ ಅಷ್ಟು ಮಲಗಿದ್ದನ್ನು ನಾನಂತೂ ಕಂಡಿಲ್ಲ. ಅದಕ್ಕೇ ಈ ಕಾಗದ. ನಮ್ಮ ಪಕ್ಕದ ಮನೆಯ ಶಿವಯೋಗಪ್ಪ ಇವತ್ತು ನಿನ್ನ ತವರು ಕೊಟ್ಟೂರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಡುತ್ತೇನೆ.

ನಿನ್ನೆ ನಿಮ್ಮ ಅಮ್ಮ ಬಾಯಿ ಬಿಟ್ಟರು. "ಒಪ್ಪೊತ್ತು ಉಣ್ತಾಳ್ರಿ, ಅದೂ ಅರ್ಧ ರೊಟ್ಟಿ. ಹಾಲು ಕಡಿಮಿ ಆಗೇತಿ, ಕೂಸು ಅಳ್ತೈತಿ" ಎಂದರು. ಅಮರೇಶ್ ಫೋನಿನಲ್ಲಿ ನಿನ್ನ ಮುಖ ನೋಡುತ್ತ "ಮನಿಗೆ ಬರೋದ್ರಾಗ ಒಂದೀಟು ಸಣ್ಣ ಆಗು, ಮಂದಿ ನಗ್ತಾರ" ಎಂದನಲ್ಲ, ಇದು ಅವತ್ತಿನಿಂದಲೇ ಶುರುವಾದದ್ದು. ಗಂಡನ ಫೋನನ್ನೂ ನೀನು ಎತ್ತುತ್ತಿಲ್ಲ. ಅವನು ತಟ್ಟೆಯ ಮುಂದೆ ಸುಮ್ಮನೆ ಕೂತು ಎದ್ದು ಹೋಗುತ್ತಾನೆ.

ನಮ್ಮ ಕಡೆಯ ಬಾಣಂತನವನ್ನು ಏನೆಂದು ಹೇಳಲಿ. ಮೂರು ತಿಂಗಳು ನಿನ್ನನ್ನು ಹೊರಸಿನಿಂದ ಇಳಿಸಲಿಲ್ಲ. "ಗಾಳಿಗೆ ಹೋಗಬ್ಯಾಡ, ಅಡ್ಡಾಡಬ್ಯಾಡ" ಎಂದೆವು. ಎರಡು ಡಬ್ಬಿ ಅಂಟಿನುಂಡಿ ಕಳಿಸಿದವಳು ನಾನೇ. ತುಪ್ಪ ಸುರಿದವರೂ ನಾವೇ, ನಾಲ್ಕನೆಯ ತಿಂಗಳಿಗೆ ಇಷ್ಟು ದಪ್ಪ ಯಾಕಾದೆ ಎಂದು ಕೇಳಿದವರೂ ನಾವೇ.

ನನ್ನ ಪುರಾಣವನ್ನೂ ಕೇಳು. ಮೊಣಕಾಲು ನೋವೆಂದು ಶ್ರಾವಣದಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದಾಗ ಸಿಸ್ಟರ್ ಜಂಬಮ್ಮ ತೂಕದ ಮೇಲೆ ನಿಲ್ಲಿಸಿದಳು. ಎಪ್ಪತ್ತೆಂಟು. ಅವತ್ತಿನಿಂದ ಸೋಮವಾರ, ಶುಕ್ರವಾರ ಒಪ್ಪೊತ್ತು ಹಿಡಿದೆ, ದಿನಾ ಬೆಳಿಗ್ಗೆ ರೈಲ್ವೆ ಸ್ಟೇಷನ್ನಿನವರೆಗೆ ನಡೆದೆ. ತಿಂಗಳಾದ ಮೇಲೆ ನೋಡಿದರೆ ಅರ್ಧ ಕೆಜಿ ಏರಿತ್ತು. ಏನೇನು ತಿನ್ನುತ್ತೀರಿ ಎಂದು ಕೇಳಿದಳು. ಒಪ್ಪೊತ್ತಿನ ದಿನ ಸಾಬೂದಾನಿ, ಶೇಂಗಾ, ಬಾಳೆಹಣ್ಣು; ರಾತ್ರಿ ಎರಡೂ ಹೊತ್ತಿನ ಊಟ ಒಟ್ಟಿಗೆ. ಉಳಿದ ದಿನ ಎಲ್ಲರೂ ಉಂಡ ಮೇಲೆ ಮಿಕ್ಕ ಅನ್ನ, ತಳದ ಪಲ್ಯ, ನಿಮ್ಮ ಮಾವ ಬಿಟ್ಟ ರೊಟ್ಟಿ, ಚೆಲ್ಲಬಾರದೆಂದು ನನ್ನ ಹೊಟ್ಟೆಗೆ. "ನಿಮ್ಮ ಹೊಟ್ಟಿ ಏನು ಮುಸುರಿ ಬಾನಿ ಏನ್ರಿ?" ಎಂದಳು. ನಗು ಬಂತು, ಆಮೇಲೆ ಅಳುವೂ ಬಂತು. ಈಗ ಅಳತೆ ನೋಡಿ ಅಡುಗೆ ಮಾಡುತ್ತೇನೆ, ಎಲ್ಲರ ಜೊತೆ ಕೂತು ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ, ಸೊಪ್ಪು ಕಾಳು ಜಾಸ್ತಿ. ನಡಿಗೆ ಬಿಟ್ಟಿಲ್ಲ. ಎರಡು ಕೆಜಿ ಇಳಿದಿದ್ದೇನೆ. ನಿಮ್ಮ ಮಾವನಿಗೆ ಮಾತ್ರ ಕಣ್ಣಿಗೆ ಕಾಣುತ್ತಿಲ್ಲವಂತೆ.

ಇವತ್ತು ಬೆಳಿಗ್ಗೆ ನಡೆಯಲು ಹೋದವಳು ಸ್ಟೇಷನ್ನಿನ ಬದಲು ಜಂಬಮ್ಮನ ಮನೆಗೇ ಹೋಗಿ ನಿನ್ನ ವಿಷಯ ಹೇಳಿದೆ. ಸಿಟ್ಟಾದಳು. "ಹಾಲು ಕುಡಿಸೋ ಬಾಣಂತಿ ಉಪಾಸ ಬೀಳಬಾರ್ದು. ಮೂರು ಹೊತ್ತು ಉಣ್ಲಿ, ತುಪ್ಪದ ಉಂಡಿ ಸಾಕು ಮಾಡ್ಲಿ, ದಿನಾ ಒಂದೀಟು ನಡೀಲಿ. ತಿಂಗಳುಗಟ್ಲೆ ಹಿಡೀತೈತಿ, ಆದ್ರ ಇಳೀತೈತಿ" ಎಂದಳು. ಅಲ್ಲಿಯ ಆಸ್ಪತ್ರೆಯಲ್ಲೂ ಒಮ್ಮೆ ತೋರಿಸು, ಕೂಸಿನ ತೂಕವನ್ನೂ ನೋಡಿಸು. ಈ ಮನೆಗೆ ಸಣ್ಣಗಾಗಿಯೇ ಬರಬೇಕೆಂಬ ಕಟ್ಟಳೆ ಏನಿಲ್ಲ. ನಿನ್ನ ಜೊತೆ ನಡೆಯಲು ನಾನಿದ್ದೇನೆ.

ಬೀಗರಿಗೆ ಶರಣು ಹೇಳು. ಕೂಸಿಗೆ ಮುತ್ತು. ಇಬ್ಬರೂ ನೂರು ವರ್ಷ ಬಾಳಿರಿ.

ನಿನ್ನ ಅತ್ತೆ,
ಕಲ್ಯಾಣಮ್ಮ

ತಾ.ಕ.: ಬಸ್ಸು ತಪ್ಪುತ್ತದೆಂದು ಶಿವಯೋಗಪ್ಪ ಅವಸರ ಮಾಡುತ್ತಿದ್ದಾನೆ. ಇಷ್ಟುದ್ದ ಬರೆದು, ಬರೆಯಬೇಕಾದ್ದನ್ನೇ ಬರೆದಿಲ್ಲ. ಆ ಮಾತು ಅಮರೇಶನದಲ್ಲ. ಅವತ್ತು ನಾನು ಅವನ ಬೆನ್ನ ಹಿಂದೆ ನಿಂತಿದ್ದೆ. ಅವನು ಒಲ್ಲೆನೆಂದರೂ ತಿವಿದು ತಿವಿದು ಹೇಳಿಸಿದವಳು ನಾನು. ಅವನು ನನ್ನ ಹೆಸರು ಹೇಳದೆ ನಿನ್ನ ಸಿಟ್ಟು ತಿನ್ನುತ್ತಿದ್ದಾನೆ, ನಾನು ನೋಡಿಕೊಂಡು ಸುಮ್ಮನಿದ್ದೆ. ಮಗು ಚಿವುಟಿ ತೊಟ್ಟಿಲು ತೂಗುವವಳು ಎಂದುಕೋ, ತಪ್ಪಿಲ್ಲ. ಇನ್ನು ಸಿಟ್ಟು ನನ್ನ ಮೇಲೆ ಮಾಡು ತಾಯಿ, ಆದರೆ ಉಂಡು ಮಾಡು.